ಹೊಂಡದ ನೀರು ಹೋಗುವ ಕಡೆ

ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತನ್ನು ಮೊದಲು ಆಡಿದ ಪುಣ್ಯಾತ್ಮರು ಈ ಬೆಟ್ಟವನ್ನೇ ನೋಡಿ ಆಡಿರಬೇಕು. ಕೆಳಗಿನ ಪಟ್ಟಣದಿಂದ ನೋಡಿದರೆ ಒಗೆದು ಹರವಿದ ಬಟ್ಟೆಯ ಹಾಗೆ ಬೆಳ್ಳಗೆ ಕಾಣುತ್ತದೆ. ಹತ್ತಿ ನೋಡಿ, ಆಗ ತಿಳಿಯುತ್ತದೆ ಅದರ ಬಣ್ಣ! ನೆತ್ತಿಯ ತುಂಬ ಸುಣ್ಣಕಲ್ಲಿನ ಹಾಸು, ಆ ಹಾಸಿನ ಮೈತುಂಬ ಮಳೆನೀರು ಕೊರೆದ ಗೀರು, ಒಂದೊಂದು ಗೀರಿನ ಅಂಚೂ ಕತ್ತಿಯಷ್ಟು ಚೂಪು. ಹೊಸ ಚಪ್ಪಲಿ ಮೆಟ್ಟಿ ಹತ್ತಿದವರು ಬರಿಗಾಲಲ್ಲಿ ಇಳಿದದ್ದುಂಟು. ಕಲ್ಲಿನೊಳಗೆ ಕಪ್ಪೆಚಿಪ್ಪು, ಶಂಖ, ಯಾವ ಕಾಲದ್ದೋ ಹುಳುಗಳ ಅಚ್ಚು. ಒಂದಾನೊಂದು ಕಾಲದಲ್ಲಿ ಇದು ಸಮುದ್ರದ ತಳವಾಗಿತ್ತಂತೆ. ಸಮುದ್ರದ ತಳ ಮೋಡದ ಪಕ್ಕ ಹೋಗಿ ಕೂತಿದೆ, ಕುಡಿಯಲು ಮಾತ್ರ ಒಂದು ತಂಬಿಗೆ ನೀರಿಲ್ಲ.

ನೀರಿಲ್ಲ ಅಂದರೆ ಮಳೆಯಿಲ್ಲ ಅಂತಲ್ಲ. ಸುತ್ತಲಿನ ಯಾವ ಗುಡ್ಡಕ್ಕೂ ಸಿಕ್ಕದ ಮೋಡ ಇದರ ಕೊರಳಿಗೆ ಬಂದು ಸುತ್ತಿಕೊಳ್ಳುತ್ತದೆ. ಕೆಳಗೆ ಬಿಸಿಲು ಕಾಯುತ್ತಿದ್ದರೂ ಮೇಲೆ ಸುರಿಯುತ್ತಿರುತ್ತದೆ. ಚಳಿಗಾಲದಲ್ಲಿ ಹಿಮ ಬಾಗಿಲ ಎತ್ತರಕ್ಕೆ ಬೀಳುತ್ತದೆ. ಆದರೆ ಬಿದ್ದದ್ದು ಬಿದ್ದ ಜಾಗದಲ್ಲೇ ಕಲ್ಲಿನ ಸೀಳಿಗೆ ಇಳಿದು ಮಾಯ. ಮೇಲೆ ಒಂದು ಹಳ್ಳವಿಲ್ಲ, ತೊರೆಯಿಲ್ಲ. ಆ ನೀರು ಬೆಟ್ಟದ ಹೊಟ್ಟೆಯೊಳಗೆ ಎಲ್ಲೆಲ್ಲೋ ಸುತ್ತಿ ಬುಡದಲ್ಲಿ ಎರಡು ಕಡೆ ಹೊರಗೆ ಬರುತ್ತದೆ. ಬಿಸಿಲ ಮಗ್ಗುಲಲ್ಲಿ ಒಂದು ಗವಿ, ನೆರಳ ಮಗ್ಗುಲಲ್ಲಿ ಒಂದು ಬುಗ್ಗೆ.

ನೆತ್ತಿಯ ಮೇಲೆ ಎರಡು ಕೋಣೆಯ ಒಂದು ಕಲ್ಲುಮನೆ ಇತ್ತು. ಗಾಳಿಗೆ ಹಾರಿಹೋಗದಂತೆ ತಂತಿಯಿಂದ ಬಂಡೆಗೆ ಬಿಗಿದ ತಗಡಿನ ಮಾಡು, ಮಾಡಿನ ನೀರು ಹಿಡಿಯಲು ಪೀಪಾಯಿಗಳು. ಮುಂದಿನ ಕೋಣೆಯಲ್ಲಿ ಮೇಜು ಮತ್ತು ಫೋನು, ಹಿಂದಿನದರಲ್ಲಿ ಒಲೆ ಮತ್ತು ಮಂಚ. ಹೊರಗೆ ಬೇಲಿಯೊಳಗೆ ಮಳೆಮಾಪಕ, ಗಾಳಿಗೆ ತಿರುಗುವ ಬಟ್ಟಲುಗಳು. ಹವಾಮಾನ ನೋಡುವ ಈ ಕೆಲಸದಲ್ಲಿದ್ದವಳನ್ನು ಕೆಳಗಿನವರೆಲ್ಲ ಮಳೆಯಕ್ಕ ಅನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಅವಳ ಅಪ್ಪ ಗವಿ ನೋಡಲು ಬಂದವರಿಗೆ ದೀಪ ಹಿಡಿದು ದಾರಿ ತೋರಿಸುತ್ತಿದ್ದವನು. ಒಂದು ದಿನ ಕೆಳಗೆ ಸುಡುಬಿಸಿಲು, ಮೋಡ ಇದ್ದದ್ದು ನೆತ್ತಿಯ ಮೇಲೆ ಮಾತ್ರ. ಅಲ್ಲಿ ಸುರಿದ ಮಳೆ ಕಲ್ಲೊಳಗಿಂದ ಇಳಿದು ಗವಿಯ ತುಂಬ ಬಂತು, ಅಪ್ಪ ಹೊರಗೆ ಬರಲಿಲ್ಲ. ತಾಯಿ ಮೊದಲೇ ಹೋಗಿದ್ದಳು. ತಮ್ಮ ಆಗಿನ್ನೂ ಅವಳ ಸೊಂಟದ ಮೇಲಿನ ಕೂಸು. ಅವನನ್ನು ಸಾಕಿ, ಓದಿಸಿ, ಪೈಪು ಜೋಡಿಸುವ ಕಸುಬು ಕಲಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ, “ಇವನದೊಂದು ದಾರಿಯಾಗಲಿ” ಅಂದಳು. ಅನ್ನುತ್ತ ಅನ್ನುತ್ತ ಕೂದಲು ನೆರೆಯಿತು.

ಅವನ ದಾರಿ ಎಲ್ಲಿಗೆ ಹೋಗಬೇಕು, ಹೇಳಿ? ಆ ಗವಿಗೇ ಹೋಯಿತು. ಗವಿಯ ನೀರನ್ನು ಪಟ್ಟಣಕ್ಕೆ ಒಯ್ಯುವ ಕೆಲಸ ಶುರುವಾಗಿತ್ತು, ಒಳಗೆ ಪೈಪು ಹಾಕುವ ಗುಂಪಿನಲ್ಲಿ ಅವನೂ ಸೇರಿಕೊಂಡ.

“ಊರಲ್ಲಿ ಬೇರೆ ಕೆಲಸನೇ ಇರ್ಲಿಲ್ವೇನೋ ನಿನಗೆ?”

“ಪೈಪು ಇರೋ ಕಡೆ ನಾನಿರ್ಬೇಕಲ್ಲಕ್ಕ. ನೀನಿರೋ ಕಡೆ ಆಕಾಶದಲ್ಲಿ ಪೈಪು ಹಾಕ್ತಾರಾ?”

ಅಂದಿನಿಂದ ಅವಳ ಕಣ್ಣೆಲ್ಲ ಆಕಾಶದ ಮೇಲೆ. ಬೆಳಿಗ್ಗೆ ಮಳೆಮಾಪಕ ನೋಡಿ ಗವಿಯ ಬಾಯಲ್ಲಿ ಕೂತ ಮೇಸ್ತ್ರಿಗೆ ಫೋನ್ ಮಾಡಬೇಕು, ಒಣ ಅಂದರೆ ಅವರು ಒಳಗೆ ಹೋಗುತ್ತಾರೆ, ಮಳೆ ಅಂದರೆ ಇಲ್ಲ. ಇಷ್ಟೇ ಕಟ್ಟಳೆ. ಆದರೆ ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅಂಗೈಯಷ್ಟು ಮೋಡ ಕಂಡರೂ ಮಳೆಯಕ್ಕ ಫೋನಿಗೆ ಓಡುತ್ತಿದ್ದಳು. ಕೆಲಸಗಾರರು ಮೈಯೆಲ್ಲ ಕೆಸರು ಮಾಡಿಕೊಂಡು ತೆವಳಿ ಹೊರಗೆ ಬರುವುದು, ಬಂದು ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆ. “ಮೋಡ ಬಂತಲ್ಲಪ್ಪ, ಹೋಗು, ಅಕ್ಕನ ಸೆರಗೊಳಗೆ ಕೂತ್ಕೋ” ಎಂದು ತಮ್ಮನನ್ನು ಕಿಚಾಯಿಸುವುದು. ಕೊನೆಗೊಂದು ದಿನ ಅವನು ಬುಸುಗುಡುತ್ತ ಬೆಟ್ಟ ಹತ್ತಿ ಬಂದ.

“ಮಾಪಕದಲ್ಲಿ ನೀರು ಬಿದ್ರೆ ಹೇಳು. ನಿನ್ನ ಎದೇಲಿ ಬೀಳೋ ಮಳೆಗೆಲ್ಲ ನಾವು ಹೊರಗೆ ಬರಕ್ಕಾಗಲ್ಲ. ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಈ ಊರಲ್ಲೇ ಇರಲ್ಲ, ನೋಡ್ಕೋ.”

ಅವಳು ಅವನ ತಲೆ ಮುಟ್ಟಿ ಆಣೆ ಮಾಡಿದಳು. ಆಮೇಲಿನಿಂದ ಮಾಪಕ ಹೇಳಿದ್ದನ್ನು ಬಿಟ್ಟು ಒಂದಕ್ಷರ ಹೆಚ್ಚಿಗೆ ಆಡಲಿಲ್ಲ. ಆಡಬೇಕೆನಿಸಿದಾಗ ಪಾತ್ರೆ ತಿಕ್ಕುತ್ತಿದ್ದಳು. ಆ ಮನೆಯ ಪಾತ್ರೆಗಳು ಹೊಳೆದಷ್ಟು ಬೇರೆ ಯಾರ ಮನೆಯವೂ ಹೊಳೆಯುತ್ತಿರಲಿಲ್ಲ.

ಇನ್ನು ಹೊಂಡದ ಸಂಗತಿ. ಮನೆಯ ಹಿಂದೆ, ನೆರಳ ಮಗ್ಗುಲಿಗೆ, ನೆಲ ಕುಸಿದು ಆದ ದೊಡ್ಡದೊಂದು ಬಟ್ಟಲಿತ್ತು. ಒಂದು ಸಂತೆಯನ್ನೇ ಒಳಗೆ ಕೂರಿಸಬಹುದು, ಅಷ್ಟು ಅಗಲ. ತಣ್ಣನೆ ಗಾಳಿ ಭಾರವಾಗಿ ಅದರ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ, ಹಾಗಾಗಿ ಸುತ್ತಲೂ ಹೂ ಬಿಟ್ಟ ಮೇಲೂ ಅಲ್ಲಿ ಹಿಮ ಉಳಿದಿರುತ್ತದೆ. ತಳದಲ್ಲಿ ಒಂದು ತೂತು, ಬೆಟ್ಟದ ಗಂಟಲು. ಗವಿಯಲ್ಲಿ ಪೈಪು ಹಾಕುವ ಮೊದಲು ಎಂಜಿನಿಯರುಗಳಿಗೆ ಒಂದು ಅನುಮಾನ: ಈ ಹೊಂಡದ ನೀರು ಗವಿಗೆ ಬರುತ್ತದೋ ಇಲ್ಲವೋ? ತೂತಿಗೆ ಸುರಿಯಲು ಹಸಿರು ಬಣ್ಣದ ಪುಡಿ ಕೊಟ್ಟರು. ಮಳೆಯಕ್ಕ ಸುರಿದಳು. ತಮ್ಮ ಗವಿಯ ಬಾಯಲ್ಲಿ ಕೂತು ತಿಳಿನೀರನ್ನು ನೋಡುತ್ತ ಆಕಳಿಸಿದ. ಹಸಿರಿನ ಸುಳಿವಿಲ್ಲ.

ಆಗಿದ್ದೇನೆಂದರೆ, ನೆರಳ ಮಗ್ಗುಲ ಬುಗ್ಗೆಯ ಹತ್ತಿರ ಉಣ್ಣೆ ಅಂಗಳವಿತ್ತು. ಸುತ್ತಲಿನ ಕುರಿಗಳ ಉಣ್ಣೆಯೆಲ್ಲ ಅಲ್ಲಿಗೇ ತೊಳೆಯಲು ಬರುವುದು. ಬಿಳಿ ಉಣ್ಣೆಯನ್ನು ತೊಟ್ಟಿಗೆ ಹಾಕಿ ತೆಗೆದರೆ, ಅಯ್ಯಯ್ಯೋ, ಗಿಣಿಯಷ್ಟು ಹಸಿರು! ಅಂಗಳದಲ್ಲಿ ಕೆಲಸ ಮಾಡುವ ಅಕ್ಕತಂಗಿಯರಿಬ್ಬರು ಹಸಿರು ಉಣ್ಣೆಯ ಮೂಟೆ ಹೊತ್ತು ಬೆಟ್ಟ ಹತ್ತಿ ಜಗಳಕ್ಕೇ ಬಂದರು. ಅಂಗಳದವರು ಅವರನ್ನು ದೊಡ್ಡವಳು, ಚಿಕ್ಕವಳು ಅಂತ ಕರೆಯುತ್ತಿದ್ದರು.

“ಏನ್ರೀ ಮಳೆಯಕ್ಕ, ಕುರಿ ಹುಲ್ಲು ತಿನ್ನುತ್ತೆ ಅಂತ ಉಣ್ಣೆನೂ ಹುಲ್ಲಿನ ಬಣ್ಣ ಆಗ್ಬೇಕಾ?” ಅಂದಳು ದೊಡ್ಡವಳು, ಸೊಂಟಕ್ಕೆ ಕೈಯಿಟ್ಟು. ಚಿಕ್ಕವಳು ನಗು ತಡೆಯಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳು ನಕ್ಕದ್ದಕ್ಕೆ ಮಳೆಯಕ್ಕನೂ ನಕ್ಕಳು, ಆಮೇಲೆ ಮೂವರೂ ಚಹಾ ಕುಡಿದರು. ಅಂದಿನಿಂದ ಬೆಟ್ಟದ ಎರಡೂ ಮಗ್ಗುಲಿನ ಕೂಸುಕುನ್ನಿಗೂ ಗೊತ್ತು, ಹೊಂಡದ ನೀರು ಹೋಗುವುದು ಉಣ್ಣೆ ಅಂಗಳಕ್ಕೆ ಅಂತ. “ಹೊಂಡದಲ್ಲಿ ಉಗುಳಬೇಡವೋ, ಕಂಬಳಿಗೆ ಹತ್ತುತ್ತೆ” ಎಂಬ ತಮಾಷೆಯೇ ಹುಟ್ಟಿಕೊಂಡಿತ್ತು.

ಆ ವರ್ಷ ಚಳಿಗಾಲ ಮುಗಿಯುತ್ತ ಬಂದಾಗ ಹೊಂಡದ ಗಂಟಲಿಗೆ ಮಂಜುಗಡ್ಡೆ ಸಿಕ್ಕಿಕೊಂಡಿತ್ತು. ಇದು ಹೊಸದೇನಲ್ಲ. ಕರಗಿದ ಹಿಮ ಮೇಲೆ ಸ್ವಲ್ಪ ನಿಲ್ಲುವುದು, ಗಡ್ಡೆ ಸವೆದಂತೆ ಮೆಲ್ಲಗೆ ಇಳಿದುಹೋಗುವುದು, ಪ್ರತಿ ವರ್ಷದ ಪಾಡು. ಈ ಸಲ ಮಾತ್ರ ತಗ್ಗಿನ ಕಡೆಯಿಂದ ಬೆಚ್ಚನೆಯ ಗಾಳಿ ಎದ್ದು, ಹಗಲೂ ರಾತ್ರಿ ಬೀಸಿ, ಜೊತೆಗೆ ಒದ್ದೆ ಮಂಜನ್ನೂ ತಂದು ಮುಸುಕಿತು. ಬಿಸಿಲಿಗಿಂತ ಇಂಥ ಮಂಜು ಹಿಮವನ್ನು ಬೇಗ ತಿನ್ನುತ್ತದೆ. ಮಳೆಮಾಪಕದಲ್ಲಿ ಒಂದು ಹನಿ ಇಲ್ಲ. ಮಳೆಯಕ್ಕ ಬೆಳಿಗ್ಗೆ ಫೋನ್ ಮಾಡಿ “ಒಣ” ಅಂದಳು. “ಆಯ್ತಕ್ಕ” ಅಂದ ಮೇಸ್ತ್ರಿ. ಅವಳ ತಮ್ಮ ಮತ್ತು ಉಳಿದವರು ಒಳಗೆ ಹೋದರು.

ಬಟ್ಟೆ ಒಗೆಯಲು ನೀರು ತರೋಣವೆಂದು ಅವಳು ಬಿಂದಿಗೆ ಹಿಡಿದು ಹೊಂಡದ ಅಂಚಿಗೆ ಹೋದಳು. ಮಂಜು ಸ್ವಲ್ಪ ಸರಿದಿತ್ತು. ಬಗ್ಗಿ ನೋಡಿದಳು. ತನ್ನ ಕಾಲದಲ್ಲಿ ಎಂದೂ ಕಾಣದಷ್ಟು ನೀರು, ಬಟ್ಟಲಿನ ಅರ್ಧಕ್ಕೆ, ಕಪ್ಪಗೆ, ಮೇಲೆ ಮಂಜುಗಡ್ಡೆಯ ಹಲಗೆಗಳು. ಅವಳು ನೋಡುತ್ತಿದ್ದಂತೆಯೇ ಕೆಳಗೆಲ್ಲೋ ಏನೋ ಮುರಿಯಿತು. ಕಾಲಡಿಯ ಕಲ್ಲು ಅದುರಿತು. ನೀರಿನ ನಡುಭಾಗ ತಗ್ಗಿತು, ಹಲಗೆಗಳು ತಿರುಗತೊಡಗಿದವು, ಒಂದನ್ನೊಂದು ಗುದ್ದಿ ಒಡೆದವು. ಆಮೇಲೆ ಬೆಟ್ಟ ಗುಟುಕರಿಸಿದ ಸದ್ದು. ಅವಳು ಬಿಂದಿಗೆ ಹಿಡಿದು ಬೆಪ್ಪಾಗಿ ನಿಂತಿರುವಾಗಲೇ ನೀರು ಇಳಿದು, ಇಳಿದು, ಕೆಸರು ಮೆತ್ತಿದ ಗೋಡೆಗಳು ಮಾತ್ರ ಉಳಿದವು.

ನೀರು ಬೆಟ್ಟದೊಳಗೆ ಹೋಯಿತು, ತಮ್ಮ ಬೆಟ್ಟದೊಳಗೆ ಇದ್ದಾನೆ. ಅವಳ ತಲೆಯಲ್ಲಿ ಇದ್ದದ್ದು ಇವೆರಡೇ. ಬಿಂದಿಗೆ ಎಸೆದು ಓಡಿದಳು. ಕಲ್ಲಿನ ಗೀರಿಗೆ ಕಾಲು ಸಿಕ್ಕಿ ಬಿದ್ದಳು, ಮೊಣಕಾಲು ಹರಿಯಿತು, ಎದ್ದು ಮತ್ತೆ ಓಡಿದಳು. ಗವಿಯ ಬಾಯಿಗೆ ಫೋನ್ ಮಾಡಿದಳು.

“ಮೇಸ್ತ್ರಿ, ಅವರನ್ನ ಹೊರಗೆ ಕರೀರಿ! ಈಗಲೇ!”

“ಮತ್ತೆ ಶುರು ಮಾಡಿದ್ರಾ ಅಕ್ಕ? ಈಗ ತಾನೆ ಒಣ ಅಂದ್ರಲ್ಲ.”

“ಹೊಂಡ ಒಡೀತು. ತುಂಬಿದ ನೀರೆಲ್ಲ ಒಂದೇ ಸಲಕ್ಕೆ ಒಳಗೆ ಹೋಯ್ತು.”

ಮೇಸ್ತ್ರಿ ಒಂದು ಕ್ಷಣ ಯೋಚಿಸಿದ. ಕೆಟ್ಟವನಲ್ಲ ಅವನು, ನಿಧಾನದವನು. “ಅಲ್ಲಕ್ಕ, ಹೊಂಡದ ನೀರು ಆ ಕಡೆಗಲ್ವಾ ಹೋಗೋದು?”

“ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ! ಮೊದಲು ನನ್ನ ತಮ್ಮನ್ನ ಹೊರಗೆ ಕರೀರಿ!”

ಅವಳ ಕೂಗಿಗೆ ಹೆದರಿ ಅವನು ಒಳಗೆ ಆಳು ಓಡಿಸಿದ. ಗುಂಪು ಅಂದು ತೀರ ಒಳಗಿತ್ತು, ತೆವಳಿ ಬರಬೇಕು, ಹೊತ್ತು ಹಿಡಿಯುತ್ತದೆ. ಅವಳು ಫೋನ್ ಇಡಲಿಲ್ಲ. ಕಿವಿಗೆ ಒತ್ತಿ ಹಿಡಿದು, ಕಾಲಿನಿಂದ ರಕ್ತ ಇಳಿಯುವುದನ್ನೂ ನೋಡದೆ, ದೇವರೇ ದೇವರೇ ಎನ್ನುತ್ತ ನಿಂತಳು. ಮೇಸ್ತ್ರಿ ನಡುನಡುವೆ “ಬರ್ತಾ ಇದಾರಕ್ಕ, ನೀರು ಏರಿಲ್ಲ, ಇದ್ದ ಹಾಗೇ ಇದೆ” ಅನ್ನುತ್ತಿದ್ದ. ಇದ್ದ ಹಾಗೇ ಇದೆ ಅಂದಾಗಲಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕೊನೆಗೆ ಫೋನಿನಲ್ಲಿ ತಮ್ಮನ ಏದುಸಿರು ಕೇಳಿತು. ಅವಳು ನೆಲದ ಮೇಲೆ ಕೂತಳು. ಅಷ್ಟು ಸುಖ ಅವಳಿಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ.

“ಮಳೆ ಬಂತಾ?” ಅಂದ ಅವನು. ದನಿಯಲ್ಲಿ ಸಿಟ್ಟಿತ್ತು.

“ಇಲ್ಲ ಕಣೋ.”

“ಮತ್ತೆ ಯಾಕೆ ಕರೆಸ್ದೆ? ನನ್ನ ತಲೆ ಮುಟ್ಟಿ ಏನು ಹೇಳಿದ್ದೆ ನೀನು?”

“ಹೊಂಡ ಒಡೀತಪ್ಪ. ಕೆರೆಯಷ್ಟು ನೀರಿತ್ತು, ಎಲ್ಲ ಇಳಿದುಹೋಯ್ತು. ನಾನು ನೋಡ್ತಿದ್ದ ಹಾಗೇ.”

ಅವನ ದನಿಯ ಸಿಟ್ಟು ಇಳಿಯಿತು. ಆಮೇಲೆ ಅವನು ಬಹಳ ಮೆತ್ತಗೆ ಕೇಳಿದ. “ಅಕ್ಕ, ಉಣ್ಣೆ ಅಂಗಳಕ್ಕೆ ಹೇಳಿದ್ಯಾ?”

ಅವಳು ಹೊಸ್ತಿಲ ಕಡೆ ತಿರುಗಿ ನೋಡಿದಳು.

“ಅಕ್ಕ! ಅವರಿಗೆ ಹೇಳಿದ್ಯೋ ಇಲ್ವೋ?”

ಉತ್ತರಕ್ಕೆ ಕಾಯದೆ ಅವನು ಫೋನ್ ಬಿಸಾಕಿ ಓಡಿದ್ದು ಕೇಳಿಸಿತು, ಪೈಪು ತರುವ ಲಾರಿಯ ಬಾಗಿಲು ದಡ್ಡೆಂದದ್ದು ಕೇಳಿಸಿತು. ಆಗ ಅವಳಿಗೆ ಬುದ್ಧಿ ಬಂತು. ಕೆಟ್ಟ ಮೇಲೆ ಬಂದ ಬುದ್ಧಿ ಯಾರಿಗೆ ಬೇಕು! ಅಂಗಳದ ನಂಬರು ತಿರುಗಿಸಿದಳು. ಗುಮಾಸ್ತ ಎತ್ತಿದ.

“ಓಹೋ ಮಳೆಯಕ್ಕನಾ? ಏನು, ಈ ಸಲ ಯಾವ ಬಣ್ಣ ಹಾಕ್ತೀರಿ? ನೀಲಿ ಹಾಕ್ರಿ, ಚೆನ್ನಾಗಿರುತ್ತೆ.”

“ಎಲ್ಲರನ್ನೂ ಬುಗ್ಗೆಯಿಂದ ಮೇಲಕ್ಕೆ ಹತ್ತಿಸಿ! ಹೊಂಡದ ನೀರು ಬರ್ತಿದೆ!”

ಗುಮಾಸ್ತ ಫೋನನ್ನು ಇಡಲಿಲ್ಲ, ಮೇಜಿನ ಮೇಲೆ ಬಿಟ್ಟು ಓಡಿದ. ಹಾಗಾಗಿ ಎಲ್ಲ ಅವಳ ಕಿವಿಗೇ ಬಿತ್ತು. ಅವನ ಕೂಗು. ಹೆಂಗಸರು ಏನೆಂದು ಕೇಳುತ್ತಿರುವುದು, ಯಾರೋ ನಗುತ್ತಿರುವುದು. ಮತ್ತೆ ಕೂಗು, ತಗಡು ಉರುಳಿದ ಸದ್ದು, ಓಡುವ ಕಾಲುಗಳು. ಆಮೇಲೆ ನೀರು. ಒಬ್ಬ ಹೆಂಗಸು ಒಂದೇ ಸಮನೆ ಯಾರನ್ನೋ ಕರೆಯುತ್ತಿದ್ದಳು. ಆ ದನಿ ಮಳೆಯಕ್ಕನಿಗೆ ಗೊತ್ತಿದ್ದ ದನಿ, ಒಂದು ದಿನ ಇದೇ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವಳದು. ಸ್ವಲ್ಪ ಹೊತ್ತಿಗೆ ಅದೂ ಕೇಳಿಸದಾಯಿತು.

ಅಂಗಳದವರೆಲ್ಲ ದಡಕ್ಕೆ ಹತ್ತಿದ್ದರು, ಚಿಕ್ಕವಳೊಬ್ಬಳನ್ನು ಬಿಟ್ಟು. ಅವಳು ಬುಗ್ಗೆಯ ಬಾಯಲ್ಲೇ ಸೊಂಟದ ಮಟ್ಟ ನೀರಿನಲ್ಲಿ ನಿಂತು ಉಣ್ಣೆಯ ಗಂಟು ಬಿಚ್ಚುತ್ತಿದ್ದಳಂತೆ. ತಮ್ಮನ ಲಾರಿ ಬೆಟ್ಟ ಬಳಸಿ ಬರುವಷ್ಟರಲ್ಲಿ ಮುಗಿದಿತ್ತು. ಸಂಜೆ ಸೇತುವೆಯ ಹತ್ತಿರ ಅವಳನ್ನು ಎತ್ತಿದವನು ಅವನೇ. ಗವಿಗೆ ಒಂದು ಚೊಂಬು ನೀರೂ ಹೆಚ್ಚು ಬಂದಿರಲಿಲ್ಲ.

ಬುಗ್ಗೆ ಯಾಕೆ ಉಕ್ಕಿತು ಅಂತ ಕೇಳಲು ಮಳೆಯಕ್ಕನಿಗೆ ಯಾರ್ಯಾರೋ ಫೋನ್ ಮಾಡಿದರು. “ನೀವು ಹೇಳದಿದ್ರೆ ಇನ್ನೂ ಎಷ್ಟು ಜನ ಹೋಗ್ತಿದ್ರೋ” ಎಂದು ಗುಮಾಸ್ತ ಅತ್ತ. ಅವಳು ಹೂಂ ಅಂದಳು. ಗವಿಯವರಿಗೆ ತಮಗೆ ಫೋನ್ ಬಂದ ಹೊತ್ತು ಗೊತ್ತು, ಅಂಗಳದವರಿಗೆ ತಮಗೆ ಬಂದ ಹೊತ್ತು ಗೊತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರು ಇನ್ನೂ ಯಾರೂ ಇರಲಿಲ್ಲ. ತಮ್ಮನಿಗೆ ಮಾತ್ರ ತಿಳಿದಿತ್ತು, ಅವನು ಫೋನೇ ಮಾಡಲಿಲ್ಲ. ಅವಳಿಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಆದರೆ ಆ ನಾಚಿಕೆಯ ಅಡಿಯಲ್ಲಿ, ಸದ್ಯ ನನ್ನ ಹುಡುಗ ಉಳಿದನಲ್ಲ ಎನ್ನುವ ಸಮಾಧಾನವೂ ಇತ್ತು. ಅವನಿಗೆ ಅಪಾಯವೇ ಇರಲಿಲ್ಲ ಎಂದು ತನಗೇ ಎಷ್ಟು ಸಲ ಹೇಳಿಕೊಂಡರೂ ಆ ಹಾಳು ಸಮಾಧಾನ ಹೋಗುತ್ತಿರಲಿಲ್ಲ.

ಚಿಕ್ಕವಳನ್ನು ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ತಮ್ಮ ಬಂದ. ಹಿಂದೆ ದೊಡ್ಡವಳಿದ್ದಳು.

“ಇವರು ಹೊಂಡ ನೋಡ್ಬೇಕಂತೆ” ಅಂದ, ಅಕ್ಕನ ಮುಖ ನೋಡದೆ.

ಮೂವರೂ ಅಂಚಿಗೆ ಹೋಗಿ ನಿಂತರು. ಗಾಳಿ ನಿಂತಿತ್ತು. ಹೊಂಡದೊಳಗಿಂದ ತಣ್ಣನೆ ಉಸಿರು ಬರುತ್ತಿತ್ತು, ತಳದ ತೂತಿನ ಸುತ್ತ ಕೆಸರು ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ದೊಡ್ಡವಳು ಬಹಳ ಹೊತ್ತು ಆ ತೂತನ್ನೇ ನೋಡಿದಳು. ಅಳಲಿಲ್ಲ. ಅತ್ತು ಅತ್ತು ಮುಗಿದವಳ ಮುಖ ಅದು.

“ನೀರು ಇಲ್ಲಿಂದ ಹೋದಾಗ ನೀವು ನೋಡ್ತಾ ಇದ್ರಾ?”

“ಹೂಂನಮ್ಮ. ಇಲ್ಲೇ ನಿಂತಿದ್ದೆ.”

“ಇಲ್ಲಿಂದ ಹೋಗಿ ನಮ್ಮಲ್ಲಿ ಬರೋದಕ್ಕೆ ಹೊತ್ತಿತ್ತಾ?”

ತಮ್ಮ ತಟ್ಟನೆ ನಡುವೆ ಬಾಯಿ ಹಾಕಿದ. “ಎಲ್ಲಿಯ ಹೊತ್ತು, ಬಿಡಿ. ಬೆಟ್ಟದೊಳಗೆ ಅದು ಬಾಣದ ಹಾಗೆ ಹೋಗುತ್ತೆ. ಅಕ್ಕ ಓಡಿಬಂದು ನಿಮಗೇ ಫೋನ್ ಮಾಡಿದ್ದು. ಅದಕ್ಕಿಂತ ಬೇಗ ಯಾರಿಂದಲೂ ಆಗ್ತಿರ್ಲಿಲ್ಲ.”

ಹುಟ್ಟಿದಾಗಿನಿಂದ ಅವನು ಅಕ್ಕನ ಮುಂದೆ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು, ಈಗಲೂ ಆಯಿತು. ಅವಳಿಗೆ ಅವನ ಮೇಲೆ ಎಂದೂ ಬಂದಿರದಷ್ಟು ಪ್ರೀತಿ ಬಂತು. ಸುಮ್ಮನಿದ್ದರೆ ಸಾಕು, ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡವಳು ತಲೆಯಾಡಿಸಿ, ನಂಬಿ, ಹಿಂತಿರುಗಲು ಸೆರಗು ಬಿಗಿದುಕೊಳ್ಳುತ್ತಿದ್ದಳು.

“ಹೊತ್ತಿತ್ತು” ಅಂದಳು ಮಳೆಯಕ್ಕ.

“ಅಕ್ಕ, ಸುಮ್ನಿರು.”

“ಇತ್ತಮ್ಮ. ಎಲ್ಲರೂ ನಡ್ಕೊಂಡು ದಡ ಹತ್ತೋವಷ್ಟು ಹೊತ್ತಿತ್ತು. ನಾನು ಮೊದಲು ಗವಿಗೆ ಫೋನ್ ಮಾಡಿದೆ. ಇವನು ಒಳಗಿದ್ದ. ಮೇಸ್ತ್ರಿ ಒಳಗೆ ಆಳು ಕಳಿಸಿದ, ಇವನು ಹೊರಗೆ ಬರೋವರೆಗೂ ನಾನು ಫೋನ್ ಕೆಳಗಿಡಲಿಲ್ಲ. ನೀವು ನನಗೆ ನೆನಪೇ ಆಗ್ಲಿಲ್ಲ.”

ದೊಡ್ಡವಳು ಅವಳನ್ನು ನೋಡಿದಳು, ಆಮೇಲೆ ತಮ್ಮನನ್ನು, ತಲೆಯಿಂದ ಕಾಲಿನವರೆಗೆ, ಮೊದಲ ಸಲ ನೋಡುವವಳ ಹಾಗೆ.

“ಒಬ್ಬನೇ ತಮ್ಮನಾ?”

“ಒಬ್ಬನೇ.”

“ನಾನಾಗಿದ್ರೂ ಮೊದಲು ನನ್ನ ತಂಗಿಗೇ ಮಾಡ್ತಿದ್ದೆ” ಅಂದಳು ದೊಡ್ಡವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರೆ ಅವಳನ್ನ ಕರೀಲಿಕ್ಕೆ ಒಳಗೆ ಆಳು ಹೋದ್ಮೇಲೆ ಫೋನ್ ಇಟ್ಟು ಇನ್ನೊಂದು ಮಾಡ್ತಿದ್ದೆ.”

ಅಷ್ಟು ಹೇಳಿ ಅವಳು ಇಳಿಯತೊಡಗಿದಳು. ಚೂಪು ಕಲ್ಲಿನ ದಾರಿ, ಅವಳಿಗೆ ಅಭ್ಯಾಸವಿಲ್ಲ. ತಮ್ಮ ಅವಳ ಹಿಂದೆ ಹೋದ.